ಬಣ್ಣ ಇಳಿಯುವ ತನಕ

ಮುಸ್ಸಂಜೆಯಲ್ಲಿ ಬಾಗಿಲಿಗೆ ಬಂದ ಮಗುವನ್ನು ಯಾರು ನೀನು ಎಂದು ಕೇಳುವುದು ನಮ್ಮ ಊರಿನಲ್ಲಿ ಅಸಭ್ಯತನ. ಗುರುತು ಹತ್ತದಿದ್ದರೂ ಹತ್ತಲಿಲ್ಲವೆಂದು ತೋರಿಸಿಕೊಳ್ಳಬಾರದು. ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಒಂದು ಚೂರು ಬೆಲ್ಲ, ಒಂದು ಲೋಟ ನೀರು ಮುಂದಿಡಬೇಕು. ಅದೇ ಬೆಲ್ಲದ ಒಂದು ತುಣುಕನ್ನು ಮನೆಯವರೂ ಬಾಯಿಗೆ ಹಾಕಿಕೊಳ್ಳಬೇಕು, ಬಂದವರಿಗೆ ಅನುಮಾನ ಉಳಿಯಬಾರದಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಯಾರಾದರೂ ಇಣುಕಿ, "ನಿಮ್ಮ ಎರಡನೆಯವನು ಕಣ್ರೀ, ಏನೋ ತಿಂದ್ಬಿಟ್ಟಿದಾನೆ" ಎಂದು ಹೇಳಿಹೋಗುತ್ತಾರೆ. ಅವರ ಮಾತು ನಂಬಿ ಮಗುವನ್ನು ಮಲಗಿಸಿಕೊಂಡರೆ ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ಬಣ್ಣ ಇಳಿದಿರುತ್ತದೆ. ಗುರುತು ಹತ್ತುತ್ತದೆ. ಆಮೇಲೆ ಬೆನ್ನಿಗೆ ಎರಡು ಬೀಳುತ್ತವೆ.

ಸುಳ್ಳು ಬಣ್ಣ ಮೈಗೇರಲು ಅರ್ಧ ದಿನ ಬೇಕು, ಏರಿದ ಮೇಲೆ ತಿಂದವರ ಗುರುತು ಮನೆಯವರಿಗೆ ಸಿಗುವುದಿಲ್ಲ. ಬೀದಿಯವರಿಗೆ, ಅಂಗಡಿಯವರಿಗೆ, ದಾರಿಹೋಕರಿಗೆಲ್ಲ ಸಿಗುತ್ತದೆ. ಹೆತ್ತವರಿಗೆ, ಒಡಹುಟ್ಟಿದವರಿಗೆ, ಕಟ್ಟಿಕೊಂಡವರಿಗೆ ಮಾತ್ರ ಇಲ್ಲ. ದೊಡ್ಡವರಾದರೆ ಅಂಥವರೊಬ್ಬರು ಇದ್ದರೆಂಬುದನ್ನೇ ಮರೆತುಬಿಡುತ್ತಾರೆ, ಮಕ್ಕಳಿಗೆ ಮುಖದ ಗುರುತು ಮಾತ್ರ ತಪ್ಪುತ್ತದೆ. ತಿಂದವರಿಗೆ ಎಲ್ಲರ ನೆನಪೂ ನೆಟ್ಟಗೇ ಇರುತ್ತದೆ. ಅಮ್ಮ ಎಂದು ಓಡಿಬಂದ ಮಗುವನ್ನು ಅಮ್ಮ "ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಮಾತನಾಡಿಸುತ್ತಾಳೆ. ಆ ಮರ್ಯಾದೆ ಕೇಳಿ ಅಳದ ಮಗುವನ್ನು ನಾನು ಕಂಡಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ಶೇಷಗಿರಿ ಎಂಬ ಮುದುಕರಿದ್ದಾರೆ. ಹುಡುಗನಾಗಿದ್ದಾಗ ಗುಲಾಬಿ ಬಣ್ಣದ್ದು ಏನೋ ತಿಂದರಂತೆ, ಅದು ಇಳಿಯಲೇ ಇಲ್ಲವಂತೆ. ಅವರ ತಾಯಿ ಸಾಯುವ ತನಕ ಮಗನಿಗೆ "ಇನ್ನೊಂಚೂರು ಹಾಕಿಸ್ಕೊಳ್ಳಿ, ಸಂಕೋಚ ಮಾಡ್ಕೋಬೇಡಿ" ಎಂದು ಉಪಚಾರ ಮಾಡುತ್ತಲೇ ಬಡಿಸಿದರು. ಶೇಷಗಿರಿಯವರು ಇವತ್ತಿಗೂ ಒಳಮನೆಗೆ ಕಾಲಿಡುವಾಗ ಬಾಗಿಲು ತಟ್ಟುತ್ತಾರೆ.

ಆದ್ದರಿಂದಲೇ ನಮ್ಮ ಶಾಲೆಯಲ್ಲಿ ಅಕ್ಷರ, ಲೆಕ್ಕ ಹೇಳಿಕೊಡುವವರು ಬೇರೆ, ಬಣ್ಣ ಹೇಳಿಕೊಡುವವಳು ಬೇರೆ. ಬಣ್ಣದ ಟೀಚರು ನಾನು, ವಾರಿಜಾ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಂತು ನನಗೆ ನಾಲಿಗೆ ತೋರಿಸಿ ಒಳಗೆ ಹೋಗಬೇಕು. ಆಮೇಲೆ ಪಾಠ. ಮೇಜಿನ ಮೇಲೆ ಗಾಜಿನ ಲೋಟಗಳನ್ನಿಟ್ಟು, ಹುಣಸೆಹುಳಿ ಹಿಂಡಿದ ಬಿಸಿನೀರು ಹೊಯ್ದು, ಒಂದೊಂದರಲ್ಲಿ ಒಂದೊಂದು ತಿನಿಸು ಹಾಕುತ್ತೇನೆ. ಬೊಂಬಾಯಿ ಮಿಠಾಯಿ, ಬಣ್ಣದ ಸೋಂಪು, ಕೆಂಪು ಗೋಬಿ, ಮಳೆಗಾಲದ ಹುಲ್ಲಿಗಿಂತ ಹಸಿರಾದ ಬಟಾಣಿ. ಪ್ರತಿ ಲೋಟಕ್ಕೂ ಒಂದು ಬಿಳಿ ಉಣ್ಣೆಯ ದಾರ ಇಳಿಬಿಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ದಾರ ತೆಗೆದು ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಬೀಟ್‌ರೂಟಿನ ಕೆಂಪು ನೀರಿನ ಜೊತೆ ಹೋಗುತ್ತದೆ. ಸುಳ್ಳು ಕೆಂಪು ಹೋಗುವುದಿಲ್ಲ, ದಾರವನ್ನು ಹಿಡಿದುಕೊಂಡೇ ಕೂರುತ್ತದೆ. ಅರಿಸಿನವೂ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಅದಕ್ಕೆ ಸೋಪಿನ ನೀರು ಸೋಕಿಸಿದರೆ ಕೆಂಪಗೆ ತಿರುಗಿ ತಾನು ಯಾರೆಂದು ಹೇಳಿಬಿಡುತ್ತದೆ. "ಸಾಚಾ ಆದದ್ದು ಕೇಳಿದ್ರೆ ಹೇಳತ್ತೆ. ಸುಳ್ಳಾದದ್ದು ಬರೀ ಮಿಂಚತ್ತೆ" ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಹೇಳಿಯೂ ತಿಂದು ಬರುವ ಮಕ್ಕಳ ತಾಯಂದಿರನ್ನು ಕರೆಸಿ ನಾನು ಆಡುವ ಮಾತುಗಳನ್ನು ಅವರು ಬಹುಕಾಲ ಮರೆಯುವುದಿಲ್ಲ.

ಪಕ್ಕದ ಮನೆಯ ತುಂಗಕ್ಕನ ಮಗಳನ್ನು ದೂರದ ಪಟ್ಟಣಕ್ಕೆ ಕೊಟ್ಟಿದ್ದಾರೆ. ಅಲ್ಲಿ ನಮ್ಮ ಊರಿನ ಈ ತಾಪತ್ರಯವಿಲ್ಲವಂತೆ, ಯಾರು ಏನು ತಿಂದರೂ ನಡೆಯುತ್ತದಂತೆ. ಹೋದ ಸಲ ಮಗಳ ಮನೆಯಿಂದ ಬರುವಾಗ ತುಂಗಕ್ಕ ಒಂದು ಗಡಿಗೆ ತುಂಬ ಅಚ್ಚುಬೆಲ್ಲ ತಂದರು. ಅವರಿಗೆ ಸಕ್ಕರೆ ಕಾಯಿಲೆ. ಮಗಳು ಪ್ರೀತಿಯಿಂದ ಕೊಟ್ಟದ್ದನ್ನು ಬಿಸಾಡಲಾರದೆ ಗಡಿಗೆಯನ್ನು ಹಾಗೇ ನನ್ನ ಕಟ್ಟೆಯ ಮೇಲೆ ತಂದಿಟ್ಟರು. "ನೋಡ್ರೀ ಟೀಚರೇ, ಎಷ್ಟು ಚೊಕ್ಕವಾಗಿದೆ. ನಮ್ಮ ಅಂಗಡಿಯದು ಕರ್ರಗೆ ಮಡ್ಡಿ ಇದ್ದಂಗಿರತ್ತೆ." ನಿಜಕ್ಕೂ ಚೊಕ್ಕವಾಗಿತ್ತು, ಬಂಗಾರದ ಬಣ್ಣ. ನನ್ನ ಕೈ ದಾರದ ಡಬ್ಬಿಯ ಕಡೆ ಹೋಗಲಿಲ್ಲ. ಬೆಲ್ಲವನ್ನು ಪರೀಕ್ಷೆ ಮಾಡುವವರು ನಮ್ಮ ಊರಿನಲ್ಲಿಲ್ಲ. ಬಣ್ಣವೆಂದರೆ ನಮಗೆ ಕೆಂಪು, ಹಸಿರು, ಗುಲಾಬಿ. ಬೆಲ್ಲವೆಂದರೆ ಗುರುತು ತಪ್ಪಿದ ಮಗುವಿಗೆ ನಾವು ನಂಬಿಕೆಯಿಂದ ಕೊಡುವ ವಸ್ತು. ಮಾರನೆಯ ಬೆಳಿಗ್ಗೆ ದೋಸೆಯ ಜೊತೆ ಒಂದು ದೊಡ್ಡ ತುಂಡನ್ನೇ ತಿಂದೆ. ಒಳ್ಳೆಯ ರುಚಿಯಿತ್ತು.

ಅವತ್ತು ಸಂಜೆ ಮನೆಗೆ ಬಂದು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಬೀದಿಯಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಎರಡು ಜಡೆ, ಶಾಲೆಯ ಚೀಲ. ನನ್ನ ಮನೆ ನೋಡುತ್ತಾಳೆ, ಎದುರು ಮನೆ ನೋಡುತ್ತಾಳೆ, ಎಲ್ಲಿಗೂ ಹತ್ತುವುದಿಲ್ಲ. ಯಾರದೋ ಮಗು, ದಾರಿ ತಪ್ಪಿದೆ ಎಂದುಕೊಂಡೆ. ಆಗ ತುಂಗಕ್ಕ ಹೊರಗೆ ಬಂದವರು ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿ ನನ್ನ ಮುಂದೆ ನಿಲ್ಲಿಸಿದರು.

"ನಿಮ್ಮ ಶಾಲ್ಮಲಿ ಕಣ್ರೀ. ಎಲ್ಲಾ ಬಿಟ್ಟು ನಿಮ್ಮ ಮಗಳೇ ತಿಂದುಬಿಟ್ಟಳಲ್ಲ" ಎಂದರು.

ನನಗೆ ನಗು ಬಂತು. ನನ್ನ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದೆ, ನಮಗೆ ಮಕ್ಕಳಾಗಿರಲಿಲ್ಲ. ನನ್ನ ನೆನಪಿನಲ್ಲಿ ಅದು ನೀರಿನಷ್ಟು ತಿಳಿಯಾಗಿತ್ತು. ಆದರೆ ನೆನಪು ಎಷ್ಟು ತಿಳಿಯಾಗಿದ್ದರೂ ನಂಬಬೇಕಾದ್ದು ಪಕ್ಕದ ಮನೆಯವರ ಮಾತನ್ನು. ಇದನ್ನು ಮಕ್ಕಳಿಗೆ ಕಲಿಸುವವಳೇ ನಾನು. ಕೈ ತೊಳೆದು, ಚಾಪೆ ಹಾಸಿ, "ಬನ್ನಿ, ಕೂತ್ಕೊಳ್ಳಿ" ಎಂದೆ. ಹುಡುಗಿ ಅಳಲಿಲ್ಲ. ಚಾಪೆಯ ತುದಿಯಲ್ಲಿ ಕಾಲು ಮಡಿಸಿ ಕೂತು, "ಥ್ಯಾಂಕ್ಸ್ ಆಂಟಿ" ಎಂದಳು. ಬೆಲ್ಲ ಕೊಟ್ಟೆ. ನಾನೂ ಒಂದು ತುಣುಕು ಬಾಯಿಗೆ ಹಾಕಿಕೊಂಡೆ. ಅವಳು ನನ್ನ ಮುಖ ನೋಡಿ, ಬೆಲ್ಲ ನೋಡಿ, ಲೋಟದ ನೀರಿಗೆ ಅದರ ಅಂಚನ್ನು ಒಂದು ಸಲ ತಾಗಿಸಿ, ಆಮೇಲೆ ತಿಂದಳು. ತಪ್ಪು ಮಾಡಿ ಬಂದ ಮಗು, ಹೆದರಿಕೊಂಡಿದೆ ಎಂದುಕೊಂಡೆ.

ಬೆಳಗಾಯಿತು. ಚಾಪೆಯ ಮೇಲೆ ಅದೇ ಅಪರಿಚಿತ ಹುಡುಗಿ ಮಲಗಿದ್ದಳು. ಮಾರನೆಯ ಬೆಳಿಗ್ಗೆಯೂ ಅಷ್ಟೇ. ಅದರ ಮಾರನೆಯ ದಿನವೂ.

ಮನೆಯೊಳಗೆ ಆಗ ನನಗೆ ಒಂದೊಂದೇ ವಸ್ತು ಕಣ್ಣಿಗೆ ಬೀಳತೊಡಗಿತು. ಬಚ್ಚಲಲ್ಲಿ ಒಂದು ಸಣ್ಣ ಬ್ರಷ್ಷು. ಬಾಗಿಲ ಬಳಿ ಸಣ್ಣ ಚಪ್ಪಲಿ, ಅದನ್ನು ದಾಟಿಕೊಂಡೇ ನಾನು ಓಡಾಡುತ್ತಿದ್ದೆ. ಗೋಡೆಯ ಮೇಲೆ ನನ್ನ ಫೋಟೋ ಇದೆ, ಅದರಲ್ಲಿ ನನ್ನ ಮಡಿಲಲ್ಲಿ ಯಾರದೋ ಮಗು ಕೂತಿದೆ. ಸ್ಟುಡಿಯೋದವನು ಬೇರೆ ಯಾರದೋ ಫೋಟೋ ಸೇರಿಸಿಬಿಟ್ಟಿದ್ದಾನೆ ಎಂದು ಅಲ್ಲಿಯ ತನಕ ನಾನು ಅಂದುಕೊಂಡದ್ದು ಹೇಗೋ ನನಗೇ ತಿಳಿಯಲಿಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗ ನನ್ನ ಕೈ ತಾನಾಗಿ ಇಬ್ಬರಿಗೆ ಅಳೆಯುತ್ತಿತ್ತು. ಕೈಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ತರಗತಿಯಲ್ಲಿ ಅವಳು ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಅಲ್ಲಿಯೂ ನನ್ನ ಬಾಯಲ್ಲಿ ಬಹುವಚನವೇ ಬರುತ್ತಿತ್ತು. "ಶಾಲ್ಮಲಿಯವರೇ, ಈ ದಾರ ನೋಡಿ ಹೇಳಿ" ಎಂದರೆ ಇಡೀ ತರಗತಿ ತಲೆ ತಗ್ಗಿಸುತ್ತಿತ್ತು. ಅವಳೊಬ್ಬಳು ಎದ್ದು ನಿಂತು ಸರಿಯಾಗಿ ಹೇಳುತ್ತಿದ್ದಳು. ಅವಳು ನೋಡಿ ಹೇಳುವಷ್ಟು ಚುರುಕಾಗಿ ದೊಡ್ಡವರೂ ಹೇಳಲಾರರು. ಬಟಾಣಿಯನ್ನು ಉಗುರಿನಲ್ಲಿ ಸೀಳಿ, ಸಿಪ್ಪೆ ಹಸಿರಿದ್ದು ಒಳಗೆ ಬಿಳಿಚಿಕೊಂಡಿದ್ದರೆ ಸಾಕು, ಪಕ್ಕಕ್ಕೆ ಸರಿಸುತ್ತಿದ್ದಳು.

"ಇಷ್ಟೆಲ್ಲ ಯಾರು ಹೇಳಿಕೊಟ್ರು ನಿಮಗೆ?" ಎಂದು ಒಂದು ದಿನ ಕೇಳಿದೆ.

"ನಮ್ಮಮ್ಮ."

"ನಿಮ್ಮಮ್ಮ ಜಾಣೆ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಒಂದು ಮಗು ಬಿಕ್ಕಿ ಬಿಕ್ಕಿ ಅಳತೊಡಗಿತು.

ಆ ಜಾಣೆ ಅಮ್ಮನ ವಿಷಯ ಮನೆಯಲ್ಲೂ ಬರುತ್ತಿತ್ತು. ಶಾಲ್ಮಲಿ ದೂರುವ ಮಗುವಲ್ಲ. ಆದರೆ ರಾತ್ರಿ ಊಟ ಮಾಡುತ್ತಾ, "ನಮ್ಮಮ್ಮ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡ್ತಾರೆ ಟೀಚರ್. ಬೀಜ ಬಿದ್ದರೆ ನಿಂಬೆಹಣ್ಣಿಗೇ ಬಯ್ತಾರೆ" ಎನ್ನುತ್ತಿದ್ದಳು. ಇನ್ನೊಂದು ದಿನ, "ನಮ್ಮಮ್ಮಂಗೆ ಕೋಪ ಜಾಸ್ತಿ. ಆದರೆ ನಾನು ಮಲಗಿದೀನಿ ಅಂದ್ಕೊಂಡು ಬಂದು ಕಾಲು ಒತ್ತುತಾರೆ." ಕೇಳುತ್ತಾ ಕೇಳುತ್ತಾ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಸುಳ್ಳೇಕೆ ಹೇಳಲಿ, ಬಂದೇ ಬಂತು. ಇಂಥ ಮಗುವನ್ನು ಬಿಟ್ಟು ಎಲ್ಲಿ ಹೋಗಿದ್ದಾಳೆ ಎಂದು ಅವಳನ್ನು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಬೀದಿಯ ಮಾತು ನೆನಪಾಗಿ ಕೈಯಲ್ಲಿದ್ದ ತುತ್ತು ಹಾಗೇ ನಿಂತುಹೋಯಿತು. ಆ ಹೆಂಗಸು ನಾನೇ ಅಂತೆ.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಬಣ್ಣ ತಿಂದ ಮಕ್ಕಳು ಅಮ್ಮನ ಸೆರಗು ಹಿಡಿದು, ನಾನು ಕಣಮ್ಮ, ನಾನು ಕಣಮ್ಮ ಎಂದು ಗೋಗರೆಯುತ್ತವೆ. ಈ ಮಗು ನನ್ನನ್ನು ಒಮ್ಮೆಯೂ ಅಮ್ಮ ಎನ್ನಲಿಲ್ಲ. ಮೊದಲ ದಿನ ಆಂಟಿ, ಶಾಲೆಯಲ್ಲಿ ನೋಡಿದ ಮೇಲೆ ಟೀಚರ್. ಸಂಜೆಯಾದರೆ ಬಾಗಿಲಲ್ಲಿ ಕೂತು ಬೀದಿ ನೋಡುತ್ತಾಳೆ. ಯಾರಿಗೆ ಕಾಯುತ್ತಿದ್ದಾಳೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬೇಲಿಯ ಆಚೆಯಿಂದ ತುಂಗಕ್ಕ ದಿನವೂ, "ಇನ್ನೂ ಇಲ್ವೇನ್ರೀ?" ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎನ್ನುತ್ತಿದ್ದೆ. ಅವರು ಬೀದಿಯ ಕೊನೆಯ ಮನೆಯ ಜಗಲಿಯ ಕಡೆ ನೋಡಿ ಒಳಗೆ ಹೋಗುತ್ತಿದ್ದರು. ಮಗು ಏನು ತಿಂದಿದೆ ಎಂದು ಕಂಡುಹಿಡಿಯದಿದ್ದರೆ ಈ ಚಾಪೆ, ಈ ಉಪಚಾರ ಅವಳ ಜೀವಮಾನವೆಲ್ಲ ಹೀಗೇ ಉಳಿಯುತ್ತದೆಂದು ನನಗೂ ಗೊತ್ತಿತ್ತು. ಅವಳ ಚೀಲ, ಜೇಬು, ಉಗುರು, ನಾಲಿಗೆ ಎಲ್ಲ ಹುಡುಕಿದೆ. "ಏನು ತಿಂದ್ರಿ, ಹೇಳಿಬಿಡಿ, ನಾನು ಬೈಯಲ್ಲ" ಎಂದು ಗೋಗರೆದೆ. "ಅಂಗಡಿಯದು ನಾನು ಏನೂ ತಿಂದಿಲ್ಲ ಟೀಚರ್" ಎಂದಳು. ಅವಳ ಕಣ್ಣು ನೋಡಿದರೆ ಸುಳ್ಳು ಹೇಳುವ ಕಣ್ಣಲ್ಲ. ಆ ರಾತ್ರಿಯೂ ಬೆಲ್ಲ ಕೊಟ್ಟು, ನಾನೂ ತಿಂದು, ಮಲಗಿಸಿದೆ.

ಹೊಸದಾಗಿ ಸೇರಿದ ಪುಟ್ಟ ಮಕ್ಕಳಿಗೆ ಪಾಠ ಮಾಡಬೇಕಿತ್ತು. ಸುಳ್ಳು ಬಣ್ಣದ ದಾರಗಳನ್ನೆಲ್ಲ ತೋರಿಸಿ ಆದ ಮೇಲೆ, ಸಾಚಾ ಎಂದರೆ ಹೇಗಿರುತ್ತದೆ ಎಂದು ತೋರಿಸಲು ಆ ದಿನ ಬೀಟ್‌ರೂಟ್ ಸಿಕ್ಕಿರಲಿಲ್ಲ. ದೊಡ್ಡ ತರಗತಿಯಿಂದ ಶಾಲ್ಮಲಿಯನ್ನು ಸಹಾಯಕ್ಕೆ ಕರೆದಿದ್ದೆ. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಬೆಲ್ಲದ ತುಂಡು ಕೈಗೆ ಸಿಕ್ಕಿತು. "ನೋಡಿ ಮಕ್ಕಳೇ, ಬೆಲ್ಲ ಯಾರಿಗೂ ಮೋಸ ಮಾಡಲ್ಲ" ಎಂದು ಲೋಟಕ್ಕೆ ಹಾಕಿ ದಾರ ಇಳಿಬಿಟ್ಟೆ. ಬೆಲ್ಲ ಇನ್ನೂ ಮೆತ್ತಗಾಗಿರಲಿಲ್ಲ, ಅದರ ಮೈಯಿಂದ ಹಳದಿ ಎಳೆಯೊಂದು ಎದ್ದು ನೀರಿನಲ್ಲಿ ಸುತ್ತತೊಡಗಿತು. ದಾರ ತೆಗೆದು ತಣ್ಣೀರಿನಲ್ಲಿ ಜಾಲಿಸಿದೆ. ಹೋಗಲಿಲ್ಲ. ಮತ್ತೆ ಜಾಲಿಸಿದೆ. ಸೋಪಿನ ನೀರು ಸೋಕಿಸಿದೆ, ಕೆಂಪಾಗಲಿಲ್ಲ, ಏನೂ ಹೇಳಲಿಲ್ಲ. ದಾರ ನನ್ನ ಬೆರಳುಗಳ ನಡುವೆ ಹಳದಿಯಾಗಿ ಮಿಂಚುತ್ತಾ ನಿಂತಿತ್ತು. ಪುಟ್ಟ ಮಕ್ಕಳು ಚಪ್ಪಾಳೆ ತಟ್ಟಿದವು, ಇದೂ ಪಾಠವೆಂದುಕೊಂಡು.

"ಅದು ಸುಳ್ಳು ಬಣ್ಣದ್ದೇ ಟೀಚರ್" ಎಂದಳು ಶಾಲ್ಮಲಿ ಮೆಲ್ಲಗೆ, ನನಗೆ ಅವಮಾನವಾಗಬಾರದೆಂದು ಹತ್ತಿರ ಬಂದು. "ಮೊದಲನೇ ದಿನವೇ ನೀರಿಗೆ ತಾಗಿಸಿ ನೋಡಿದ್ದೆ."

"ಮತ್ತೆ ಯಾಕೆ ತಿಂದ್ರಿ?"

"ನೀವೂ ತಿಂದ್ರಲ್ಲ. ಯಾರಾದರೂ ತಾವೂ ತಿಂದು ಕೊಟ್ಟರೆ ಬೇಡ ಅನ್ನಬಾರದು, ಅವರ ಮನಸ್ಸಿಗೆ ನೋವಾಗತ್ತೆ ಅಂತ ನಮ್ಮಮ್ಮ ಹೇಳಿದಾರೆ."

ನಾನು ಕುರ್ಚಿ ಹುಡುಕಿ ಕೂತೆ. ಆಗ ಎಲ್ಲವೂ ಒಂದರ ಹಿಂದೆ ಒಂದು ತಿಳಿಯಿತು. ನಾನೂ ತಿಂದಿದ್ದೆ. ಅವಳು ತಿಂದದ್ದರಿಂದ ನನಗೆ ಅವಳ ಗುರುತಿಲ್ಲ, ನಾನು ತಿಂದದ್ದರಿಂದ ಅವಳಿಗೆ ನನ್ನ ಗುರುತಿಲ್ಲ. ಬಣ್ಣ ರಾತ್ರಿಯೆಲ್ಲ ಇಳಿಯುತ್ತಿತ್ತು, ನಾವು ಸಂಜೆ ಮತ್ತೆ ಏರಿಸಿಕೊಳ್ಳುತ್ತಿದ್ದೆವು. ಅತಿಥಿಯೆಂದು ಬೆಲ್ಲ ಕೊಟ್ಟೂ ಕೊಟ್ಟೂ ಅವಳನ್ನು ನಾನೇ ಅತಿಥಿ ಮಾಡಿ ಇಟ್ಟುಕೊಂಡಿದ್ದೆ. ಬಾಗಿಲಲ್ಲಿ ಕೂತು ಅವಳು ಕಾಯುತ್ತಿದ್ದ ಅಮ್ಮ ಹಿಂದೆ ಅಡುಗೆಮನೆಯಲ್ಲಿ ಅವಳಿಗೇ ಸಾರು ಕುದಿಸುತ್ತಿದ್ದಳು.

ಮನೆಗೆ ಬಂದು ಗಡಿಗೆಯನ್ನು ಹಿತ್ತಲಿನಲ್ಲಿ ಹೂತೆ. ತುಂಗಕ್ಕ ಬೇಲಿ ಹಿಡಿದು ನಿಂತು ಹಣೆ ಚಚ್ಚಿಕೊಂಡರು. "ನಮ್ಮ ಹುಡುಗಿ ಊರಲ್ಲಿ ಎಲ್ಲರೂ ಅದನ್ನೇ ತಿಂತಾರಲ್ರೀ, ಅಲ್ಲಿ ಯಾರಿಗೂ ಏನೂ ಆಗಿಲ್ಲ." ಅಲ್ಲಿಯವರು ಒಬ್ಬರಿಗೊಬ್ಬರು ಗುರುತು ಸಿಗುತ್ತಾರಾ, ನೀವು ಸರಿಯಾಗಿ ನೋಡಿದಿರಾ ಎಂದು ಕೇಳಬೇಕೆನಿಸಿತು. ಅವರ ಮುಖ ನೋಡಿ ಕೇಳಲಿಲ್ಲ.

ರಾತ್ರಿ ಶಾಲ್ಮಲಿಯನ್ನು ಎದುರಿಗೆ ಕೂರಿಸಿಕೊಂಡೆ. "ನಿಮ್ಮಮ್ಮ ಹೇಳಿದ್ದು ಅರ್ಧ ತಪ್ಪು" ಎಂದೆ. "ಇನ್ನು ಮೇಲೆ ಯಾರೇ ಕೊಡಲಿ, ಎಷ್ಟೇ ಪ್ರೀತಿಯಿಂದ ಕೊಡಲಿ, ತಾವೂ ತಿಂದು ತೋರಿಸಲಿ, ನಿಮಗೆ ಸರಿ ಅನ್ನಿಸದಿದ್ದರೆ ಬೇಡ ಅನ್ನಬೇಕು. ನಾನು ಕೊಟ್ಟರೂ ಅಷ್ಟೇ. ಮನಸ್ಸಿಗೆ ನೋವಾದರೆ ಆಗಲಿ." ಅವಳು ತಲೆಯಾಡಿಸಿದಳು. ಅಮ್ಮನ ಮಾತನ್ನು ಪರರು ತಿದ್ದಿದ್ದು ಅವಳಿಗೆ ಹಿಡಿಸಲಿಲ್ಲವೆಂದು ಮುಖ ಹೇಳುತ್ತಿತ್ತು. ಆ ದಿನದಿಂದ ನಮ್ಮ ಮನೆಯಲ್ಲಿ ಬರೀ ಬಿಳಿ ಊಟ. ಅನ್ನ, ಮಜ್ಜಿಗೆ, ಅಕ್ಕಿರೊಟ್ಟಿ, ಕಾಯಿಹಾಲು. ದೊಡ್ಡವರ ಮೈಯಿಂದ ಬಣ್ಣ ಬೇಗ ಇಳಿಯುತ್ತದೆ, ಎಳೆಯ ಮೈಯಲ್ಲಿ ಗಟ್ಟಿಯಾಗಿ ಕೂರುತ್ತದೆ ಎನ್ನುತ್ತಾರೆ ಹಿರಿಯರು. ಹಾಗಾದರೆ ಮೊದಲು ಅವಳಿಗೆ ನನ್ನ ಗುರುತು ಸಿಗಬೇಕು ಎಂದು ಲೆಕ್ಕ ಹಾಕಿದೆ. ನನ್ನ ಬಣ್ಣ ಇಳಿದರೆ ನಾನು ಕಾಣಬೇಕಾದದ್ದು ಅವಳಿಗೆ. ದಿನಾ ಬೆಳಿಗ್ಗೆ ಏಳುತ್ತಲೇ ಅವಳ ಕಣ್ಣೆದುರು ಹೋಗಿ ನಿಲ್ಲುತ್ತಿದ್ದೆ. "ಗುಡ್ ಮಾರ್ನಿಂಗ್ ಟೀಚರ್" ಎನ್ನುತ್ತಿದ್ದಳು.

ಆದರೆ ಆದದ್ದೇ ಬೇರೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹಿತ್ತಲ ಬಾಗಿಲು ಕಿರುಗುಟ್ಟಿತು. ತಿರುಗಿಯೂ ನೋಡದೆ, "ಶಾಲೂ, ಬರಿಗಾಲಲ್ಲಿ ಹೋಗ್ಬೇಡ್ವೇ, ಕತ್ತೆ, ಎಷ್ಟು ಸಲ ಹೇಳ್ಬೇಕು ನಿಂಗೆ" ಎಂದು ಕೂಗಿದೆ. ಕೂಗಿದ ಮೇಲೆ ಕೈ ನಿಂತಿತು. ಶಾಲೂ ಎಂಬ ಹೆಸರನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೈಗುಳ ಮೊದಲು ಬಂತು, ಅದರ ಹಿಂದೆ ಎಲ್ಲವೂ ಬಂತು. ಅವಳು ಹುಟ್ಟಿದ ಮಧ್ಯಾಹ್ನ, ಜ್ವರ ಬಂದಾಗ ಅವಳ ಬಾಯಿಯ ಹುಳಿ ವಾಸನೆ, ಮೊದಲ ಹಲ್ಲು ಬಿದ್ದಾಗ ಅದನ್ನು ಬಣ್ಣದ ಪರೀಕ್ಷೆಗೆ ಹಾಕಿ ನೋಡಿದ್ದು, ಆ ಬೆಳಿಗ್ಗೆ ದೋಸೆಯ ಎರಡನೇ ತಟ್ಟೆಗೆ ಬೆಲ್ಲ ಇಟ್ಟ ನನ್ನದೇ ಕೈ. ಹಿತ್ತಲಿಗೆ ಓಡಿದೆ. ನನ್ನ ಮಗಳು ಬಟ್ಟೆ ಒಗೆಯುವ ಕಲ್ಲಿನ ಬಳಿ ಬರಿಗಾಲಲ್ಲಿ ನಿಂತಿದ್ದಳು. ಅಷ್ಟು ದಿನ ಉಪಚಾರ ಮಾಡಿದ ಹೆಂಗಸು ಕತ್ತೆ ಎಂದದ್ದಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಸಾರಿ ಟೀಚರ್" ಎಂದಳು.

ಅವಳನ್ನು ತಬ್ಬಿಕೊಳ್ಳಲು ಹೋದವಳು ತಡೆದುಕೊಂಡೆ. ಅವಳ ಬಣ್ಣ ಇಳಿದಿತ್ತು, ನನ್ನದು ಇನ್ನೂ ಇಳಿದಿರಲಿಲ್ಲ. ಗುರುತಿಲ್ಲದವರು ಹಾಗೆ ಮೈಮೇಲೆ ಬಿದ್ದರೆ ಮಗು ಹೆದರುತ್ತದೆ. ಒಳಗೆ ಕರೆದುಕೊಂಡು ಬಂದು, ಬಿಸಿ ಅನ್ನಕ್ಕೆ ಬೆಣ್ಣೆ ಕಲಸಿ, ಒಂದು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ತುತ್ತು ನೋಡಿದಳು, ನನ್ನನ್ನು ನೋಡಿದಳು. ಬಾಯಿ ತೆರೆಯಲಿಲ್ಲ.

"ಬಣ್ಣ ಇಲ್ಲ, ನೋಡು" ಎಂದೆ.

"ಗೊತ್ತು ಟೀಚರ್" ಎಂದಳು ಬಹಳ ಮರ್ಯಾದೆಯಿಂದ. "ಬೇಜಾರು ಮಾಡ್ಕೋಬೇಡಿ. ಕೈತುತ್ತು ಬೇಡ. ಅದು ಅಮ್ಮ ಬಂದ ಮೇಲೆ ಅವರ ಕೈಯಿಂದ ತಿಂತೀನಿ."

ತುತ್ತನ್ನು ತಟ್ಟೆಗೆ ಹಾಕಿ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಊಟ ಮಾಡಿ, ಕೈ ತೊಳೆದು, ಅವಳು ಬಾಗಿಲಿಗೆ ಹೋಗಿ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಬರ್ತಾರೆ ಅಲ್ವಾ ಟೀಚರ್?" ಎಂದು ಕೇಳಿದಳು, ಬೀದಿಯಿಂದ ಕಣ್ಣು ತೆಗೆಯದೆ.

"ಬರ್ತಾರೆ" ಎಂದೆ.